ತಾರಸಿ ಮೇಲೆ ಕಡಿಮೆ ಖರ್ಚಿನ ವರ್ಟಿಕಲ್ ಆಂಟೆನಾ: 40, 20, 10 ಮೀಟರ್

ಪ್ರಶ್ನೆ:
ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದಿದೆ. ಮೈಸೂರಲ್ಲಿ ಬಾಡಿಗೆ ಮನೆ, ತಾರಸಿ ಬಳಸಲು ಓನರ್ ಒಪ್ಪಿದ್ದಾರೆ. 40, 20, 10 ಮೀಟರ್ ತರಂಗಾಂತರದ ಮೂರು ಬ್ಯಾಂಡಿಗೂ ಒಂದೇ ವರ್ಟಿಕಲ್ (ನೆಟ್ಟಗೆ ನಿಲ್ಲುವ) ಆಂಟೆನಾ ಕಟ್ಟಬಹುದಾ? ರೆಡಿಮೇಡ್ ಕೊಳ್ಳೋಷ್ಟು ದುಡ್ಡಿಲ್ಲ.

ಉತ್ತರ 1:
ಖಂಡಿತ ಆಗುತ್ತದೆ. ಒಂದು ಉದ್ದ ಬಿದಿರು ಗಳ ನಿಲ್ಲಿಸಿ, ಒಂದೇ ಫೀಡ್ ಪಾಯಿಂಟಿನಿಂದ (ರೇಡಿಯೋದ ಕೇಬಲ್ ಆಂಟೆನಾಗೆ ಸೇರುವ ಜಾಗ) ಮೂರು ತಂತಿಗಳನ್ನು ಸ್ವಲ್ಪ ದೂರ ದೂರ ಇರುವ ಹಾಗೆ ಮೇಲಕ್ಕೆ ಎಳೆಯಿರಿ. 71.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ಸಿಗುತ್ತದೆ: 7.1ಕ್ಕೆ (40 ಮೀಟರ್ ಬ್ಯಾಂಡ್) ಸುಮಾರು 10 ಮೀಟರ್, 14.2ಕ್ಕೆ (20 ಮೀಟರ್ ಬ್ಯಾಂಡ್) 5, 28.5ಕ್ಕೆ (10 ಮೀಟರ್ ಬ್ಯಾಂಡ್) 2.5. ಮೊದಲು ಒಂದಷ್ಟು ಜಾಸ್ತಿಯೇ ಇಟ್ಟುಕೊಳ್ಳಿ, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು) ನೋಡುತ್ತಾ ಕತ್ತರಿಸಿ. ಗಳ ಗಿಡ್ಡವಾದರೆ ಉದ್ದದ ತಂತಿಯ ತುದಿಯನ್ನು ಅಡ್ಡಕ್ಕೆ ಬಗ್ಗಿಸಿದರೂ ನಡೆಯುತ್ತದೆ. ಆ ಉದ್ದದ ತಂತಿ 15 ಮೀಟರ್ ಬ್ಯಾಂಡಿನಲ್ಲೂ ಕೆಲಸ ಮಾಡುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ.

ಉತ್ತರ 2:
ರೇಡಿಯಲ್ (ಆಂಟೆನಾದ ಬುಡದಿಂದ ಅಡ್ಡಕ್ಕೆ ಹರಡುವ ತಂತಿಗಳು) ಮರೀಬೇಡಿ! ಪ್ರತಿ ಬ್ಯಾಂಡಿಗೂ ಅದರ ನೆಟ್ಟಗಿನ ತಂತಿಯಷ್ಟೇ ಉದ್ದದ ಎರಡು ತಂತಿಗಳನ್ನಾದರೂ ಕೋಆಕ್ಸ್ ಕೇಬಲ್ಲಿನ (ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್) ಹೊರ ಜಾಲರಿಗೆ ಸೇರಿಸಿ, ಎದುರುಬದುರು ದಿಕ್ಕಿಗೆ ಹರಡಿ. ಪ್ರಸಾರ ಮಾಡುವಾಗ ಅವುಗಳ ತುದಿಯಲ್ಲಿ ಜಾಸ್ತಿ ವೋಲ್ಟೇಜ್ ಇರುತ್ತದೆ, ಮಕ್ಕಳು ಮುಟ್ಟದ ಹಾಗೆ ಕಟ್ಟಿ. ಗಳ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರದಲ್ಲೇ ನಿಲ್ಲಿಸಿ. ಗುಡುಗು ಶುರುವಾಗುವ ಮುಂಚೆಯೇ ಕೇಬಲ್ ಬಿಚ್ಚಿಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಭಾನುವಾರ ಬಿದಿರು ತರುತ್ತೇನೆ.