ಅಪ್‌ಡೇಟ್: ನಡುಮನೆಯ ಗೋಡೆಗೆ ಮರದ ಪ್ಯಾನೆಲ್ ಕೂರಿಸಿದ್ದಾಯಿತು

ಮೈಸೂರಿನ ಕುವೆಂಪುನಗರದ ನಮ್ಮ ಹಳೆಯ ಮನೆಯ ಗೋಡೆಗೆ ತೇಗದ ಪ್ಯಾನೆಲ್ ಕೂರಿಸುವುದು ಹೇಗೆಂದು ಕೇಳಿದ್ದೆ. ಕೆಲಸ ಮುಗಿದಿದೆ, ಬಹಳ ಚೆನ್ನಾಗಿ ಬಂದಿದೆ.

ಬರೀ ಅಂಟು ಸಾಕೆಂಬ ಸಲಹೆ ನಮ್ಮಲ್ಲಿ ನಡೆಯಲಿಲ್ಲ. ಅಂಟು ಹಿಡಿದದ್ದು ಹಳೆಯ ಡಿಸ್ಟೆಂಪರನ್ನು, ಗೋಡೆಯನ್ನಲ್ಲ. ಪರೀಕ್ಷೆಗೆ ಹಚ್ಚಿದ ತುಂಡು ಬಣ್ಣದ ಸಮೇತ ಕಳಚಿ ಬಂತು. ಕೈಹಿಡಿದದ್ದು ಮರದ ಪಟ್ಟಿಗಳ ಚೌಕಟ್ಟು. ಗೋಡೆ ಕೊರೆದು, ತೂತಿನಲ್ಲಿ ಸ್ಕ್ರೂ ಹಿಡಿಯುವ ಪ್ಲಗ್ ಹಾಕಿ, ಸುಮಾರು 40 ಸೆಂ.ಮೀ. ಅಂತರದಲ್ಲಿ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದೆವು. ಗೋಡೆ ತಗ್ಗಿದ್ದ ಕಡೆ ಬಡಗಿ ಪ್ಲೈವುಡ್ ಚೂರು ಕೊಟ್ಟು ಸಮ ಮಾಡಿದರು.

ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ತೇವ ನೋಡಿ ಎಂದವರಿಗೆ ವಿಶೇಷ ಧನ್ಯವಾದ. ಮರುದಿನ ಹಾಳೆಯ ಒಳಬದಿಯಲ್ಲಿ ನೀರಿನ ಹನಿಗಳು! ಗೋಡೆಯಾಚೆಯ ಬಚ್ಚಲಿನ ಪೈಪು ಜಿನುಗುತ್ತಿತ್ತು. ಅದನ್ನು ಸರಿಪಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪ್ಯಾನೆಲ್ ಏರಿಸಿದೆವು. ಮಳೆಗಾಲದಲ್ಲಿ ಮರ ಹಿಗ್ಗುವುದರಿಂದ ಅಂಚಿನಲ್ಲಿ ತುಸು ಸಂದು ಬಿಡಲು ಮರೆಯಬೇಡಿ.