ಪದಚರ್ಚೆ: ಪೆನ್ನಿನ ‘ನಾಲಗೆ’ ನಿಮ್ಮ ಕಡೆಯೂ ಇದೆಯಾ?

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ಇಂಕ್ ಪೆನ್ನಿನ ಹುಚ್ಚಿರುವವರ ಒಂದು ಕೂಟಕ್ಕೆ ಇತ್ತೀಚೆಗೆ ಸೇರಿಕೊಂಡಿದ್ದೇನೆ. ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಒಮ್ಮೆ ಹಂಪನಕಟ್ಟೆಯ ಹತ್ತಿರ, ಇನ್ನೊಮ್ಮೆ ಉಡುಪಿ ರಥಬೀದಿಯ ಹತ್ತಿರ, ಚಹಾ ಸಿಗುವ ಕಡೆ ಎಲ್ಲಾದರೂ ಸೇರುತ್ತೇವೆ. ಇಂಕು ತುಂಬಿದ ಪೆನ್ನೊಂದು ಕಿಸೆಯಲ್ಲಿರಬೇಕು, ಅದನ್ನು ಇನ್ನೊಬ್ಬರಿಗೆ ಬರೆದು ನೋಡಲು ಕೊಡಬೇಕು. ಇಷ್ಟೇ ಷರತ್ತು. ಎರಡನೆಯದು ಸುಲಭ ಅಲ್ಲ. ನಿಬ್ಬು ಹಾಳಾದೀತು ಎಂದು ಸ್ವಂತ ತಮ್ಮನಿಗೂ ಪೆನ್ನು ಕೊಡದವರು ನಮ್ಮಲ್ಲಿದ್ದಾರೆ.

ಹೊಸದಾಗಿ ಬರುವವರಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೆನ್ನಿನ ಭಾಗಗಳ ಹೆಸರು, ತೊಳೆಯುವ ಕ್ರಮ, ಯಾವ ಕಾಗದ ಒಳ್ಳೆಯದು, ಇಷ್ಟು. ಬರೆಯಲು ಕೂತಾಗ ಪದಗಳದ್ದೇ ಪಂಚಾಯಿತಿಕೆ ಶುರುವಾಯಿತು. ಮಣಿಪಾಲದಲ್ಲಿ ಓದುವ ಮಕ್ಕಳು ಫೀಡ್, ಸೆಕ್ಷನ್, ಟೈನ್, ಫೆದರಿಂಗ್ ಎನ್ನುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಇದೇ ವಸ್ತುಗಳಿಗೆ ಬೇರೆಯೇ ಮಾತು ಬಳಸುತ್ತಾರೆ. ಈ ಕಡೆಯ ಪೆನ್ನಿನ ಕೂಟದಲ್ಲಿ ಬ್ಯಾಂಕಿನವರು ಜಾಸ್ತಿ ಇರುವುದು ಆಶ್ಚರ್ಯ ಅಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಈ ಐದೂ ಬ್ಯಾಂಕುಗಳು 1906ರಿಂದ 1931ರ ಒಳಗೆ ಇಲ್ಲೇ ಹುಟ್ಟಿದವು. ಕಂಪ್ಯೂಟರ್ ಬರುವ ತನಕ ಲೆಡ್ಜರು ಬರೆದು ಬೆರಳು ನೀಲಿ ಮಾಡಿಕೊಂಡವರು ಇವರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೆನ್ನಿಗಾಗಿ ಹೊಸ ಪದ ಕಟ್ಟುವ ಅಗತ್ಯ ಅಷ್ಟೊಂದಿಲ್ಲ. ಪೆನ್ನು ಬಳಸಿದವರ ಬಾಯಲ್ಲಿ ಪದ ಇದೆ. ಕೇಳಿ ಬರೆದಿಟ್ಟುಕೊಳ್ಳುವವರು ಬೇಕು, ಅಷ್ಟೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮುಖ್ಯ ಪ್ರಶ್ನೆ ನಾಲಗೆಯದು. ನಿಬ್ಬಿನ ಅಡಿಗೆ ಅಂಟಿಕೊಂಡಂತೆ ಒಂದು ಕಪ್ಪು ತುಂಡು ಇರುತ್ತದೆ ನೋಡಿ, ನಿಬ್ಬು ಎಳೆದರೆ ಜೊತೆಗೇ ಹೊರಗೆ ಬರುವಂಥದ್ದು. ನಮ್ಮ ಕಡೆ ಹಿರಿಯರು ಅದನ್ನು ನಾಲಗೆ ಎನ್ನುತ್ತಾರೆ. ಒಬ್ಬ ಹುಡುಗ ಫೀಡ್ ಎಂದಾಗ ಪಕ್ಕದಲ್ಲಿದ್ದ ಹಿರಿಯರು, “ಅದಕ್ಕೆ ನಾಲಗೆ ಅಂತ ಹೇಳುದು ಮಾರಾಯ, ಫೀಡು ಕೋಳಿಗೆ ಹಾಕುದು” ಎಂದರು. ಕೊಂಕಣಿ ಮನೆಯವರೊಬ್ಬರು ತಮ್ಮಲ್ಲಿ ಜೀಬ ಎನ್ನುತ್ತಾರೆ ಎಂದರು. ಕಾಸರಗೋಡಿನಿಂದ ಬರುವವರು ಮಲಯಾಳದಲ್ಲಿ ನಾಕ್ಕು ಎಂದರು. ಎಲ್ಲದರ ಅರ್ಥವೂ ನಾಲಗೆಯೇ. ತುಳುವಿನಲ್ಲಿ ನಾಲಾಯಿ ಎಂದರೆ ನಾಲಗೆ, ಆದರೆ ಪೆನ್ನಿನ ಮಾತು ಬಂದಾಗ ತುಳು ಮನೆಯವರೂ ಕನ್ನಡದ ನಾಲಗೆಯನ್ನೇ ಹೇಳಿದ್ದನ್ನು ಕೇಳಿದೆ. ಶಾಲೆಯಲ್ಲಿ ಕನ್ನಡ ಮಾಧ್ಯಮದ ಪೆನ್ನು, ಹಾಗಾಗಿ ಇರಬೇಕು.

ಈ ಹೆಸರು ಆಕಾರ ನೋಡಿ ಇಟ್ಟದ್ದು. ಆದರೆ ಕೆಲಸಕ್ಕೂ ಹೊಂದುತ್ತದೆ. ಪೆನ್ನನ್ನು ತಲೆಕೆಳಗು ಹಿಡಿದರೂ ಇಂಕು ಯಾಕೆ ಸುರಿದುಹೋಗುವುದಿಲ್ಲ? ನಾಲಗೆಯ ಮೇಲೆ ಉದ್ದಕ್ಕೆ ಒಂದು ಸಣ್ಣ ಗೆರೆ ಕೊರೆದಿರುತ್ತದೆ. ಅದರಲ್ಲಿ ಇಂಕು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ತಾನೇ ಎಳೆದುಕೊಂಡು ಬರುತ್ತದೆ. ಹೊರಗೆ ಹೋದಷ್ಟು ಇಂಕಿನ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಪೆನ್ನು ನಿಂತಿತು. ಬಂದದ್ದು ಹೆಚ್ಚಾದರೆ ಕಾಗದದ ಮೇಲೆ ಒಂದು ಬೊಟ್ಟು ಬಿತ್ತು. ಈ ಕೊಡುಕೊಳ್ಳುವಿಕೆಯನ್ನು ಹದದಲ್ಲಿ ಇಡುವುದು ನಾಲಗೆಯೇ. 1884ರಲ್ಲಿ ಅಮೆರಿಕದ ವಾಟರ್‌ಮನ್ ಪಡೆದ ಪ್ರಸಿದ್ಧ ಪೇಟೆಂಟ್ ಇದರದ್ದು, ನಿಬ್ಬಿನದ್ದಲ್ಲ. ಪೆನ್ನಿನ ಅಂಗಡಿಯಲ್ಲಿ ಎಲ್ಲರೂ ನಿಬ್ಬಿನ ಬಂಗಾರ ನೋಡುತ್ತಾರೆ, ನಾಲಗೆ ನೋಡುವವರು ಕಡಿಮೆ.

ಹಳೆಯ ನಿಘಂಟುಗಳಲ್ಲಿ ನೋಡಿ ಎಂದು ಒಬ್ಬರು ಸಲಹೆ ಕೊಟ್ಟರು. ಕಿಟೆಲ್ ನಿಘಂಟು ಇದೇ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ ಮೂಲಕ 1894ರಲ್ಲಿ ಹೊರಬಂತು. ವಾಟರ್‌ಮನ್ ಪೇಟೆಂಟಿಗೆ ಆಗ ಹತ್ತೇ ವರ್ಷ. ಆ ಪೆನ್ನಿನ ಮಾತು ಅದರಲ್ಲಿ ಸಿಗಬೇಕೆಂದು ಹಟ ಹಿಡಿಯುವುದು ನ್ಯಾಯ ಅಲ್ಲ. ಅದಕ್ಕೂ ಹಿಂದಿನ ಬರವಣಿಗೆಗೆ ಕಂಟ ಇತ್ತು, ಲೆಕ್ಕಣಿಕೆ ಇತ್ತು. ಕಂಟದಿಂದ ತಾಳೆಗರಿಯ ಮೇಲೆ ಗೀರುತ್ತಿದ್ದರು, ಆಮೇಲೆ ಮಸಿ ತಿಕ್ಕಿ ಅಕ್ಷರ ಎಬ್ಬಿಸುತ್ತಿದ್ದರು. ಅಂದರೆ ಕಂಟದೊಳಗೆ ಏನೂ ಹರಿಯುವುದಿಲ್ಲ. ಲೆಕ್ಕಣಿಕೆಯನ್ನು ಅದ್ದಿ ಬರೆಯಬೇಕು. ಹರಿಯುವ ಪೆನ್ನು ಬಂದ ಮೇಲೆ ಅದರ ಮಾತನ್ನು ನಮ್ಮವರು ಎಲ್ಲಿಂದ ತಂದರು?

ನೀರಿನಿಂದ ತಂದರು ಎಂದು ನನಗೆ ಅನಿಸುತ್ತದೆ. ನಮ್ಮ ಕೂಟದಲ್ಲಿ ಕೇಳಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಮರೆ, ಅಂದರೆ ತಿರುಗಿಸಿ ಕೂರಿಸುವ ಭಾಗ, ಸರಿಯಾಗಿ ಕೂರದೆ ಬೆರಳು ಹಿಡಿಯುವ ಕತ್ತಿನ ಹತ್ತಿರ ಇಂಕು ಬಂದರೆ ಪೆನ್ನು ಸೋರುತ್ತದೆ. ನಿಬ್ಬಿನಿಂದ ಒಮ್ಮೆಗೇ ಬೊಟ್ಟು ಬಿದ್ದರೆ ಕಾರುತ್ತದೆ. ಕೆಲವರು ಕಕ್ಕುತ್ತದೆ ಎನ್ನುತ್ತಾರೆ, ನಾಲಗೆ ಇದ್ದ ಮೇಲೆ ಇದೂ ಸರಿಯೇ. ಟೊಪ್ಪಿ ತೆಗೆದಾಗ ನಿಬ್ಬಿನ ಮೇಲೆ ತೆಳ್ಳಗೆ ಇಂಕು ಕಂಡರೆ ಒಸರಿದೆ. ಸೋರುವುದು ಪೆನ್ನಿನ ದೋಷ. ಕಾರುವುದಕ್ಕೆ ಬಹಳ ಸಲ ಕಾರಣ ಬೇರೆ. ಇಂಕು ಮುಗಿಯುತ್ತಾ ಬಂದಾಗ ಕೊಳವೆಯೊಳಗೆ ಗಾಳಿ ಜಾಸ್ತಿ ಇರುತ್ತದೆ, ಕೈಯ ಬಿಸಿಗೆ ಅದು ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಮೇ ತಿಂಗಳಲ್ಲಿ ಡ್ರಾಪರಿನಲ್ಲಿ ತುಂಬಿಸುವ ದಪ್ಪ ಪೆನ್ನು ಕಿಸೆಗೆ ಹಾಕಿಕೊಂಡವರ ಅಂಗಿ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷಿನ ಲೀಕ್ ಎಂಬ ಒಂದೇ ಪದದಲ್ಲಿ ಈ ವ್ಯತ್ಯಾಸ ಹೋಗಿಬಿಡುತ್ತದೆ. ರಿಪೇರಿಗೆ ಕೊಡುವಾಗ ಸೋರುತ್ತದೆ ಎಂದಿರೋ ಕಾರುತ್ತದೆ ಎಂದಿರೋ ಎಂಬುದು ಮುಖ್ಯ ಅಲ್ವಾ?

ಕಾಗದದ ಕಡೆಗೂ ಹೀಗೇ. ಇಂಕು ಕಾಗದದೊಳಗೆ ಹೋಗುವುದಕ್ಕೆ ಇಂಗು ಎನ್ನೋಣ ಎಂಬುದು ನನ್ನ ಸಲಹೆ. ಮಳೆನೀರಿಗೆ ಇಂಗುಗುಂಡಿ ಇದ್ದೇ ಇದೆ. ಇಂಕು ಇಂಗಿತು ಎಂದರೆ ಪ್ರಾಸಕ್ಕಾಗಿ ಮಾಡಿದ ಹಾಗೆ ಕೇಳುತ್ತದೆ ಎಂದು ಕೂಟದಲ್ಲಿ ನಕ್ಕರು. ಇರಲಿ. ಅಕ್ಷರದ ಅಂಚಿನಿಂದ ಸಣ್ಣ ಎಳೆಗಳು ಹೊರಡುವುದಕ್ಕೆ ಮಕ್ಕಳು ಫೆದರಿಂಗ್ ಎನ್ನುತ್ತಾರೆ. ಅದನ್ನು ಗರಿ ಎಂದು ಅನುವಾದ ಮಾಡುವ ಯೋಚನೆ ಒಬ್ಬರಿಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಸಹಜವಾಗಿ, “ಈ ಪುಸ್ತಕದಲ್ಲಿ ಬರೆದ್ರೆ ಬೇರು ಬಿಡ್ತದೆ” ಎಂದರು. ನನಗೆ ಬೇರು ಬಿಡುವುದೇ ಇಷ್ಟ. ಕಣ್ಣಿಗೆ ಕಾಣುವುದೂ ಬೇರಿನ ಹಾಗೆಯೇ. ಕಾಗದ ತಯಾರಿಸುವಾಗ ನೀರು ಹೀರದಂತೆ ಅಂಟು ಸೇರಿಸುತ್ತಾರೆ, ಬಟ್ಟೆಗೆ ಗಂಜಿ ಹಾಕಿದ ಹಾಗೆ ಪಿಷ್ಟವನ್ನೂ ಹಾಕುವುದುಂಟು. ಅದು ಕಡಿಮೆಯಾದ ಕಾಗದದಲ್ಲಿ ಇಂಕು ನಾರು ಹಿಡಿದು ಓಡುತ್ತದೆ. ಜೂನ್, ಜುಲೈಯಲ್ಲಿ ಇಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಾಗದದ ಕಥೆ ಕೇಳಬೇಡಿ. ಹಿಂಬದಿಯಲ್ಲಿ ಅಕ್ಷರದ ನೆರಳು ಮಾತ್ರ ಕಾಣುವುದು ಬೇರೆ, ಇಂಕೇ ದಾಟಿ ಬರುವುದು ಬೇರೆ. ಮೊದಲನೆಯದಕ್ಕೆ ನೆರಳು ಎಂದೇ ಬರೆದಿದ್ದೇನೆ. ಎರಡನೆಯದಕ್ಕೆ ನಿಮ್ಮಲ್ಲಿ ಏನಾದರೂ ಇದೆಯಾ?

ಉಳಿದ ಭಾಗಗಳಿಗೆ ತೊಂದರೆ ಇಲ್ಲ. ಮುಚ್ಚಳಕ್ಕೆ ಟೊಪ್ಪಿ, ತಿರುಗಿಸುವ ಭಾಗಕ್ಕೆ ಮರೆ, ಬೆರಳು ಹಿಡಿಯುವ ಕಡೆಗೆ (ಮಕ್ಕಳ ಸೆಕ್ಷನ್) ಕತ್ತು, ನಿಬ್ಬಿನ ತೂತಿಗೆ ಕಣ್ಣು, ಮಧ್ಯದ ಗೆರೆಗೆ ಸೀಳು. ಸೀಳಿನ ಎರಡು ಕಡೆಯ ತುಂಡುಗಳಿಗೆ (ಮಕ್ಕಳ ಟೈನ್) ಎಸಳು ಎಂದು ನಾನೇ ಹಾಕಿದ್ದೇನೆ, ಯಾರ ಬಾಯಲ್ಲೂ ಕೇಳಿದ್ದಲ್ಲ. ಇಂಕು ಎಳೆದು ತುಂಬಿಕೊಳ್ಳಲು ಪೆನ್ನಿನೊಳಗೆ ಸಿಕ್ಕಿಸುವ ಕೊಳವೆ, ಕನ್ವರ್ಟರ್, ಕನ್ವರ್ಟರೇ ಇರಲಿ. ಅದನ್ನು ‘ಪರಿವರ್ತಕ’ ಎಂದು ಬರೆದರೆ ಜನ ಕರೆಂಟಿನ ಟ್ರಾನ್ಸ್‌ಫಾರ್ಮರ್ ಎಂದುಕೊಂಡು ಮೆಸ್ಕಾಂ ವಿದ್ಯುತ್ ಕಚೇರಿಗೆ ಫೋನ್ ಮಾಡುತ್ತಾರೆ.

ಇಂಕಿನ ಹೆಸರಿನ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಸಿ, ಶಾಯಿ, ಇಂಕು, ಯಾವುದು? ಮಸಿ ಎಂದರೆ ಪಾತ್ರೆಯ ಅಡಿಯ ಕರಿಯೂ ಹೌದು, ಮಸಿಬಟ್ಟೆ ಎಲ್ಲರ ಮನೆಯಲ್ಲಿದೆ. ಹಾಗಾಗಿ ನೀಲಿ ಮಸಿ, ಹಸಿರು ಮಸಿ ಎನ್ನಲು ಕೆಲವರಿಗೆ ನಾಲಗೆ ಬರುವುದಿಲ್ಲ. ಶಾಯಿ ಶಿಷ್ಟ ಪದ, ಅದೇ ಇರಲಿ ಎಂದು ಒಬ್ಬರು ಹಟ ಹಿಡಿದರು. ಆದರೆ ಶಾಯಿಯ ಬೇರೂ ಪಾರಸಿಯ ಸಿಯಾಹ್, ಅಂದರೆ ಕಪ್ಪು. ಬಣ್ಣದ ಲೆಕ್ಕದಲ್ಲಿ ಎರಡೂ ಒಂದೇ. ನೆರೆಯ ಮಲಯಾಳದಲ್ಲಿ ಮಷಿಪ್ಪೇನ ಎಂದು ಆರಾಮವಾಗಿ ಹೇಳುತ್ತಾರೆ, ಒಳಗೆ ಯಾವ ಬಣ್ಣ ಇದ್ದರೂ. ನಮ್ಮಲ್ಲಿ ಶಾಯಿ ಈಗ ಹೆಚ್ಚು ಕೇಳುವುದು ಚುನಾವಣೆ ಬಂದಾಗ, ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ. 1962ರಿಂದ ಮೈಸೂರಿನಿಂದ ಬರುತ್ತಿರುವುದು. ಅಂಗಡಿಗೆ ಹೋಗಿ ಶಾಯಿ ಕೊಡಿ ಎಂದು ಕೇಳುವವರನ್ನು ನಾನು ನೋಡಿಲ್ಲ. ಹಾಳೆಯಲ್ಲಿ ಇಂಕು ಎಂದೇ ಬರೆಯುತ್ತೇನೆ.

ಬ್ಯಾಂಕಿನವರ ಬ್ಲೂ ಬ್ಲ್ಯಾಕ್ ಮಾತ್ರ ಬೇರೆ ಜಾತಿ. ಬರೆದಾಗ ನೀಲಿ, ಗಾಳಿ ತಾಗಿದ ಮೇಲೆ ಕಪ್ಪು. ಹಳೆಯ ಬಗೆಯದರಲ್ಲಿ ಕಬ್ಬಿಣದ ಲವಣವೂ ಒಗರಿನ ರಸವೂ ಸೇರಿರುತ್ತಿದ್ದವು. ಅದು ಕಾಗದದ ನಾರಿನಲ್ಲೇ ಕಪ್ಪಾಗಿ ಕೂರುತ್ತದೆ, ನೀರು ಬಿದ್ದರೂ ಲೆಕ್ಕ ಅಳಿಸುವುದಿಲ್ಲ. ಒಗರಿನ ಅಳಲೆಕಾಯಿ ಮತ್ತು ಕಬ್ಬಿಣದ ಲವಣವಾದ ಅನ್ನಭೇದಿ ಹಾಕಿ ಮನೆಯಲ್ಲಿ ಮಾಡುತ್ತಿದ್ದ ಮಸಿಯೂ ಇದೇ ತತ್ತ್ವದ್ದು. ಯಾರಾದರೂ ಈಗ ಮಾಡಿ ನೋಡುವುದಿದ್ದರೆ ಅದ್ದಿ ಬರೆಯಿರಿ, ಫೌಂಟನ್ ಪೆನ್ನಿಗೆ ತುಂಬಿಸಬೇಡಿ. ಗಸಿ ಕೂತು ನಾಲಗೆ ಕಟ್ಟಿಹೋಗುತ್ತದೆ. ತಳದಲ್ಲಿ ಕೂರುವುದಕ್ಕೆ ಗಸಿ ಎಂದು ಬರೆದದ್ದಕ್ಕೆ ನಮ್ಮವರ ಆಕ್ಷೇಪ ಬಂತು. ಕರಾವಳಿಯಲ್ಲಿ ಗಸಿ ಎಂದರೆ ಕೋಳಿಯ ಗಟ್ಟಿ ಸಾರು ಮಾತ್ರವಂತೆ. ಗಷ್ಟು ಎಂದರೆ ಎಲ್ಲರಿಗೂ ತಿಳಿಯುತ್ತದಾ?

ಇನ್ನು ನನಗೆ ನಿಜವಾಗಿ ಅಂಟಿಕೊಂಡಿರುವ ತೊಡಕು. ಇಂಗ್ಲಿಷಿನಲ್ಲಿ ಪೆನ್ನುಗಳನ್ನು ವೆಟ್, ಡ್ರೈ ಎಂದು ವಿಂಗಡಿಸುತ್ತಾರೆ, ಇಂಕನ್ನು ಜಾಸ್ತಿ ಬಿಡುವುದು, ಕಡಿಮೆ ಬಿಡುವುದು. ‘ಒದ್ದೆ ಪೆನ್ನು’ ಎಂದು ಬರೆದರೆ ಮಳೆಯಲ್ಲಿ ನೆನೆದ ಪೆನ್ನು ಎಂದಾಗುತ್ತದೆ. ಹಿರಿಯರೊಬ್ಬರು, “ಇದು ಧಾರಾಳ ಉಂಟು, ಅದು ಸ್ವಲ್ಪ ಬಿಗಿ” ಎನ್ನುತ್ತಾರೆ. ಧಾರಾಳ ಮತ್ತು ಬಿಗಿ ಚೆನ್ನಾಗಿದೆ. ಆದರೆ ಬಿಗಿ ಎಂದರೆ ನಿಬ್ಬು ಬಾಗುವುದಿಲ್ಲ ಎಂದೂ ತಿಳಿಯಬಹುದು. ನಿಬ್ಬಿನ ಗಟ್ಟಿತನವೇ ಬೇರೆ ವಿಷಯ. ಜಿಪುಣ ಎಂದರೆ ತಮಾಷೆ ಜಾಸ್ತಿಯಾಗುತ್ತದಾ? ‘ಇಂಕು ಕೊಡುತ್ತದೆ, ಕೊಡುವುದಿಲ್ಲ’ ಎಂಬ ಮಾತೂ ಇದೆ, ಆದರೆ ಅದನ್ನು ಹೆಸರಿನ ಹಿಂದೆ ಹಾಕಿ ಹೇಳುವುದು ಕಷ್ಟ.

ಇದಕ್ಕೇ ಹತ್ತಿರದ ಇನ್ನೊಂದು. ಕೆಲವು ಪೆನ್ನುಗಳು ಒಂದೆರಡು ದಿನ ಸುಮ್ನೆ ಇಟ್ಟರೆ ಮೊದಲ ಅಕ್ಷರ ಬರೆಯುವುದೇ ಇಲ್ಲ. ಒಂದು ಗೆರೆ ಎಳೆದ ಮೇಲೆ ಸರಿಯಾಗುತ್ತದೆ. ಬರೆಯುತ್ತಾ ನಡುವೆ ಬಿಟ್ಟುಬಿಡುವುದಕ್ಕೆ ತಡವರಿಸುವುದು ಎಂದು ಹಾಕಿದ್ದೇನೆ, ಅದು ಸಲೀಸಾಗಿದೆ. ಮಕ್ಕಳು ಹಾರ್ಡ್ ಸ್ಟಾರ್ಟ್ ಎನ್ನುವ ಮೊದಲ ಅಕ್ಷರದ ಮುಷ್ಕರಕ್ಕೆ ಪದ ಇಲ್ಲ. ದನ ಸಾಕಿದ ಮನೆಯಿಂದ ಬಂದ ಸದಸ್ಯೆಯೊಬ್ಬರು, “ಇದಿನ್ನೂ ಸೊರೆ ಬಿಟ್ಟಿಲ್ಲ, ಸ್ವಲ್ಪ ಕಾಯಿರಿ” ಎಂದರು. ಕರು ಬಿಟ್ಟ ಮೇಲೆ ಹಸು ಹಾಲು ಇಳಿಸುವುದಕ್ಕೆ ಹೇಳುವ ಮಾತು. ಪೇಟೆಯ ಮಕ್ಕಳಿಗೆ ಸೊರೆ ಗೊತ್ತಿಲ್ಲ. ಆದರೂ ಅವರಿಗೆ ಹಾರ್ಡ್ ಸ್ಟಾರ್ಟ್ ಅರ್ಥವಾಗುವುದಾದರೆ ಸೊರೆ ಕಲಿಯುವುದು ಅಸಾಧ್ಯ ಅಲ್ಲ ಎಂಬುದು ನನ್ನ ವಾದ.

ಹಾಗಾಗಿ ದಯವಿಟ್ಟು ತಿಳಿಸಿ. ಹಾಸನ, ಮೈಸೂರು, ಧಾರವಾಡ, ಬೀದರ್ ಕಡೆ ನಾಲಗೆಗೆ ನಾಲಗೆ ಎಂದೇ ಹೇಳುತ್ತಿದ್ದರಾ, ಬೇರೆ ಏನಾದರೂ ಇತ್ತಾ? ಕಾರುವುದು, ಕಕ್ಕುವುದು, ಸೋರುವುದು, ಇವುಗಳಲ್ಲಿ ನಿಮ್ಮ ಶಾಲೆಯ ಮಾತು ಯಾವುದು? ಧಾರಾಳಕ್ಕೆ ಎದುರು ಪದವಾಗಿ ಬಿಗಿಗಿಂತ ಒಳ್ಳೆಯದು ನೆನಪಿಗೆ ಬಂದರೆ ಅದನ್ನೂ ಹಾಕಿ. ನಿಘಂಟಿನಲ್ಲಿ ಕಂಡ ಪದವಾದರೆ ಹಾಗೆಂದು, ಮನೆಯಲ್ಲಿ ಕೇಳಿದ್ದಾದರೆ ಯಾವ ಊರಿನದು ಎಂದು ಬರೆಯಿರಿ. ಹಾಳೆಯಲ್ಲಿ ಪದದ ಪಕ್ಕ ಊರಿನ ಹೆಸರನ್ನೂ ಹಾಕುವ ಆಲೋಚನೆ ಇದೆ.