ನಾಯಿ ಕಚ್ಚಿದರೆ ಲಸಿಕೆ ಸಾಲದೇ? ಸೀರಮ್ ಯಾಕೆ?

ಕಬ್ಬಿನಗದ್ದೆ, ಮಂಡ್ಯ:
ಬೀದಿನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂದರೆ ತೋಳಿಗೆ ಲಸಿಕೆ ಹಾಕ್ತಾರೆ, ಸರಿ. ಗಾಯದೊಳಗೇ ಇನ್ನೊಂದು ಸೂಜಿ ಚುಚ್ಚೋದು ಯಾಕೆ?

ಬಿಳಿಕೋಟು:
ಲಸಿಕೆಯಲ್ಲಿರೋದು ಸತ್ತ ವೈರಸ್. ಅದರ ಗುರುತು ಹಿಡಿದು ನಮ್ಮ ಬಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಸಾಕಷ್ಟು ಪ್ರತಿಕಾಯ, ಅಂದರೆ ವೈರಸ್‌ನ ಕಟ್ಟಿಹಾಕೋ ಪ್ರೋಟೀನ್, ತಯಾರಿಸೋಕೆ 7ರಿಂದ 14 ದಿನ ಬೇಕು. ಅಷ್ಟರಲ್ಲಿ ರೇಬೀಸ್ ವೈರಸ್ ನರದೊಳಗೆ ನುಗ್ಗಿಬಿಟ್ಟರೆ ಪ್ರತಿಕಾಯದ ಕೈಗೆ ಸಿಗೋದು ಕಷ್ಟ. ಸೀರಮ್ ಅಂದರೆ ರೆಡಿಮೇಡ್ ಪ್ರತಿಕಾಯ. ವೈರಸ್ ಇರೋ ಜಾಗದಲ್ಲೇ ಅದನ್ನ ಕಟ್ಟಿಹಾಕಬೇಕು, ಅದಕ್ಕೇ ಗಾಯದ ಒಳಗೂ ಸುತ್ತಲೂ ಚುಚ್ಚೋದು. ಮನುಷ್ಯರ ರಕ್ತದಿಂದ ಮಾಡಿದ್ದಾದರೆ ಕೆಜಿಗೆ 20 ಯೂನಿಟ್, ಕುದುರೆಯದಾದರೆ 40. ಅಂದರೆ 50 ಕೆಜಿಯವರಿಗೆ 1000 ಅಥವಾ 2000.

ಹೆಚ್ಚು ಹಾಕಿಸಿದರೆ ಒಳ್ಳೇದು ಅನ್ಕೋಬೇಡಿ, ನಮ್ಮದೇ ಪ್ರತಿಕಾಯದ ತಯಾರಿಗೆ ಅಡ್ಡಿಯಾಗುತ್ತೆ. ಮೊದಲ ಲಸಿಕೆಯಾಗಿ 7 ದಿನ ದಾಟಿದ ಮೇಲೆ ಸೀರಮ್ ಕೊಡಲ್ಲ, ಕಾರಣ ಇದೇ.

ಕೆರೆಏರಿ, ಮೈಸೂರು:
ಆಸ್ಪತ್ರೆಗೆ ಹೊರಡೋ ಮುಂಚೆ ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ, ಸೋಪು ಅದನ್ನ ಹರಿದುಹಾಕುತ್ತೆ. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತೋ ಚಾಳಿ ದಯವಿಟ್ಟು ಬಿಡಿ.

ಬಿಳಿಕೋಟು:
ಹೌದು. ಇನ್ನು ಲಸಿಕೆ: ಚರ್ಮದೊಳಗೆ ಎರಡೂ ತೋಳಿಗೆ 0.1 ಮಿಲೀ, 0, 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರುತ್ತೆ. ಗಾಯ ಒಣಗಿತು ಅಂತ ಕೊನೇದನ್ನ ಬಿಡಬೇಡಿ.

ಕಬ್ಬಿನಗದ್ದೆ, ಮಂಡ್ಯ:
ಹಿಂದೆ ಪೂರ್ತಿ ಕೋರ್ಸ್ ಆಗಿದ್ರೆ?

ಬಿಳಿಕೋಟು:
0 ಮತ್ತು 3ನೇ ದಿನ ಸಾಕು, ಸೀರಮ್ ಬೇಡ. ಹಿಂದಿನ ಲಸಿಕೆಯಿಂದ ವೈರಸ್‌ನ ಗುರುತು ಇಟ್ಕೊಂಡಿರೋ ನೆನಪಿನ ಕೋಶಗಳು ಕೆಲವೇ ದಿನದಲ್ಲಿ ಪ್ರತಿಕಾಯ ಸುರಿಸ್ತವೆ. ಹಳೇ ಚೀಟಿ ಮಾತ್ರ ತಗೊಂಡು ಹೋಗಿ.